ಉಡುಗೊರೆ ಅಂದ್ರೆ ಕೂಲಿ ಅಲ್ಲ: ಪುಟ್ಟ ಮಕ್ಕಳಿಗೆ ಕ್ರಿಸ್ಮಸ್ ಹೇಳಿಕೊಡೋದು ಹೇಗೆ?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ಅಡುಗೆಮನೆಯಲ್ಲಿ ಫೋನ್ ಡಬ್ಬಕ್ಕೆ ಒರಗಿಸಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಡಿಸೆಂಬರ್ ಬಂದಿದೆ. ಅಂಗಡಿಗಳಲ್ಲಿ ನಕ್ಷತ್ರಗಳು ತೂಗ್ತಾ ಇವೆ, ಬೇಕರಿಗಳಲ್ಲಿ ಪ್ಲಮ್ ಕೇಕ್ ಜೋಡಿಸಿಟ್ಟಿದ್ದಾರೆ. ನಿಮ್ಮನೆಯಲ್ಲಿ ನಾಲ್ಕೈದು ವರ್ಷದ ಮಗು ಇದ್ರೆ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ. "ಪುಟ್ಟಾ, ಕ್ರಿಸ್ಮಸ್ ಅಂದ್ರೆ ಏನು?" ಉತ್ತರ ಬಹುಶಃ ಹೀಗಿರುತ್ತೆ: ಕೇಕ್, ಸ್ಟಾರ್, ಹೊಸ ಬಟ್ಟೆ, ಸಾಂತಾ, ಗಿಫ್ಟ್. ಇದರಲ್ಲಿ ತಪ್ಪೇನಿಲ್ಲ. ಮಕ್ಕಳಿಗೆ ಹಬ್ಬ ಮೊದಲು ನಾಲಿಗೆಗೆ, ಕಣ್ಣಿಗೆ, ಕೈಗೆ ಬರುತ್ತೆ. ಆಮೇಲೆ ತಲೆಗೆ ಹೋಗುತ್ತೆ. ಎಲ್ಲ ಹಬ್ಬದಲ್ಲೂ ಹಾಗೇನೇ.

ಆದ್ರೆ ಅಲ್ಲಿಂದ ಮುಂದಕ್ಕೆ ಕರ್ಕೊಂಡು ಹೋಗೋರು ಯಾರು? ನಾನು ಸುಮಾರು ವರ್ಷಗಳಿಂದ ಸಂಡೇ ಸ್ಕೂಲ್‌ನಲ್ಲಿ ಪುಟ್ಟ ಮಕ್ಕಳ ಜೊತೆ ಕೂರ್ತಿದ್ದೀನಿ. ನನ್ನ ಅನುಭವದಲ್ಲಿ ಆ ಕೆಲಸ ಮಾಡೋರು ಫಾದರೋ ಪಾಸ್ಟರೋ ಅಷ್ಟೇ ಅಲ್ಲ. ಮನೆಯ ಅಕ್ಕ, ಅಣ್ಣ, ಚಿಕ್ಕಮ್ಮ, ಸೋದರಮಾವ. ಅಂದ್ರೆ ನೀವು. ಮಗುವಿಗೆ ನೀವು ಅಂದ್ರೆ ಇಷ್ಟ, ನಿಮ್ಮ ಫೋನ್ ಅಂದ್ರೆ ಇನ್ನೂ ಇಷ್ಟ. ನೀವು ಏಣಿ ಹತ್ತಿ ನಕ್ಷತ್ರ ಕಟ್ಟುವಾಗ ಕೆಳಗೆ ನಿಂತು ದಾರ ಹಿಡ್ಕೊಳ್ಳೋದು ಅದೇ ಮಗು. ಆ ಹೊತ್ತಲ್ಲಿ ಅದು ಕೇಳೋ ಪ್ರಶ್ನೆಗೆ ಉತ್ತರ ಕೊಡಬೇಕಾದವರೂ ನೀವೇ.

ಕ್ರೈಸ್ತರಲ್ಲದ ಕೇಳುಗರೂ ಇರಿ, ಎದ್ದು ಹೋಗಬೇಡಿ. ನಿಮ್ಮ ಪಕ್ಕದ ಮನೆಯಲ್ಲಿ ಏನು ನಡೀತಿದೆ, ಯಾಕೆ ನಡೀತಿದೆ ಅನ್ನೋದು ಗೊತ್ತಾಗುತ್ತೆ.

ಇವತ್ತು ನಾನು ಹೇಳಬೇಕು ಅಂತಿರೋದು ಒಂದೇ ಮಾತು. ಕ್ರಿಸ್ಮಸ್‌ನ ಎಲ್ಲ ಪದ್ಧತಿಗಳ ಅಡಿಯಲ್ಲಿ ಇರೋದು ಕೇಳದೆ, ದುಡಿಯದೆ, ಯೋಗ್ಯತೆ ನೋಡದೆ ಸಿಕ್ಕ ಒಂದು ಉಡುಗೊರೆಯ ಕಥೆ. ಕ್ರೈಸ್ತರು ಅದಕ್ಕೆ ಕೃಪೆ ಅಂತಾರೆ. ನಾಲ್ಕು ವರ್ಷದ ಮಗುವಿಗೆ ಕೃಪೆ ಅನ್ನೋ ಪದ ಅರ್ಥ ಆಗಲ್ಲ. ಆದ್ರೆ ಉಡುಗೊರೆಗೂ ಕೂಲಿಗೂ ಇರೋ ವ್ಯತ್ಯಾಸ ಖಂಡಿತ ಅರ್ಥ ಆಗುತ್ತೆ. ಅದನ್ನು ಹೇಳಿಕೊಡೋಕೆ ನಮ್ಮ ಹಬ್ಬದಲ್ಲೇ ಬೇಕಾದಷ್ಟು ವಸ್ತುಗಳಿವೆ.

ಮೊದಲು ಮೂರು ಬುಟ್ಟಿ

ಶುರು ಮಾಡೋ ಮೊದಲು ಒಂದು ನಿಯಮ. ಮಕ್ಕಳಿಗೆ ಹೇಳೋದು ನಿಜ ಆಗಿರಬೇಕು.

ವಾಟ್ಸಾಪ್‌ನಲ್ಲಿ ಪ್ರತಿ ವರ್ಷ ಒಂದು ಫಾರ್ವರ್ಡ್ ಬರುತ್ತೆ. ಕೆಂಪು ಬಿಳಿ ಪಟ್ಟೆಯ ಕ್ಯಾಂಡಿ ಕೇನ್ ಇದೆಯಲ್ಲ, ಅದನ್ನು ತಿರುಗಿಸಿದ್ರೆ ಇಂಗ್ಲಿಷ್‌ನ 'ಜೆ' ಅಕ್ಷರ, ಅಂದ್ರೆ ಜೀಸಸ್, ಕೆಂಪು ಅಂದ್ರೆ ರಕ್ತ, ಬಿಳಿ ಅಂದ್ರೆ ಪರಿಶುದ್ಧತೆ ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ಮಿಠಾಯಿಯನ್ನು ಹಾಗೆ ಯೋಚಿಸಿ ಮಾಡಿದ್ರು ಅನ್ನೋದಕ್ಕೆ ಚರಿತ್ರೆಯಲ್ಲಿ ಆಧಾರ ಇಲ್ಲ. ಇವತ್ತು ನೀವು ಅದನ್ನು ಸತ್ಯ ಅಂತ ಹೇಳ್ತೀರಿ. ಹದಿನಾಲ್ಕನೇ ವಯಸ್ಸಲ್ಲಿ ಅದೇ ಮಗು ಫೋನಲ್ಲಿ ಹುಡುಕಿ, ಇದು ಸುಳ್ಳು ಅಂತ ಕಂಡ್ಕೊಳ್ಳುತ್ತೆ. ಆಗ ಕ್ಯಾಂಡಿ ಒಂದರ ಮೇಲೆ ಅನುಮಾನ ಬರಲ್ಲ, ನೀವು ಹೇಳಿದ್ದೆಲ್ಲದರ ಮೇಲೂ ಬರುತ್ತೆ.

ಅದಕ್ಕೆ ನಾನು ಮಕ್ಕಳ ಮುಂದೆ ಮೂರು ಬುಟ್ಟಿ ಇಡ್ತೀನಿ. ಒಂದನೇ ಬುಟ್ಟಿ, ಬೈಬಲ್‌ನಲ್ಲಿ ಇರೋದು. ಎರಡನೇ ಬುಟ್ಟಿ, ಆಮೇಲೆ ಹಿರಿಯರು ಸೇರಿಸಿದ್ದು. ಮೂರನೇ ಬುಟ್ಟಿ, ನಮ್ಮೂರಿನದ್ದು, ನಮ್ಮನೆಯದ್ದು. ಮೂರೂ ಒಳ್ಳೇದೇ. ಆದ್ರೆ ಒಂದರ ಬುಟ್ಟಿಯಲ್ಲಿ ಇನ್ನೊಂದು ಹಾಕಬಾರದು.

ಚಿಕ್ಕ ಚೀಟಿಗಳಲ್ಲಿ ಚಿತ್ರ ಬರೆದು ಆಟದ ಥರ ಮಾಡಿಸಿ, ಮಕ್ಕಳು ಬಿಟ್ಟು ಏಳೋದೇ ಇಲ್ಲ. ಕುರುಬರು? ಒಂದನೇ ಬುಟ್ಟಿ, ಲೂಕನ ಸುವಾರ್ತೆಯಲ್ಲಿದ್ದಾರೆ. ಮೂಡಣ ದೇಶದ ಜೋಯಿಸರು? ಒಂದನೇ ಬುಟ್ಟಿ, ಮತ್ತಾಯನ ಸುವಾರ್ತೆ. ಆದ್ರೆ ಜೋಯಿಸರು ಮೂರೇ ಜನ ಅಂತ? ಅದು ಎರಡನೇ ಬುಟ್ಟಿ! ಮತ್ತಾಯ ಎಷ್ಟು ಜನ ಅಂತ ಹೇಳಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇದ್ದಿದ್ದರಿಂದ ಮೂರು ಜನ ಅಂತ ಆಯ್ತು. ಎತ್ತು, ಕತ್ತೆ? ಯೇಸು ಹುಟ್ಟಿದ ಕಥೆಯಲ್ಲಿ ಇಲ್ಲ. ಯೆಶಾಯ ಪ್ರವಾದಿಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ಎತ್ತು, ಕತ್ತೆ, ಗೋದಲಿ ಒಟ್ಟಿಗೆ ಬರುತ್ತವೆ, ಅಲ್ಲಿಂದ ಹಿರಿಯರು ತಂದ್ರು. ಡಿಸೆಂಬರ್ 25? ಅದೂ ಎರಡನೇ ಬುಟ್ಟಿ. ಬೈಬಲ್‌ನಲ್ಲಿ ತಾರೀಖು ಇಲ್ಲ. ರೋಮ್‌ನಲ್ಲಿ 336ರ ಹೊತ್ತಿಗೆ ಆ ದಿನ ಹಬ್ಬ ಮಾಡ್ತಿದ್ದ ದಾಖಲೆ ಸಿಗುತ್ತೆ.

ಇಷ್ಟು ಬಿಡಿಸಿ ಹೇಳಿದ್ರೆ ನಂಬಿಕೆ ಕಡಿಮೆ ಆಗುತ್ತಾ ಅಂತ ಕೆಲವರು ಕೇಳ್ತಾರೆ. ನಾನು ನೋಡಿದ ಹಾಗೆ ಉಲ್ಟಾ. ಯಾವುದು ಗಟ್ಟಿ ನೆಲ ಅಂತ ಗೊತ್ತಿರೋ ಮಗು ಧೈರ್ಯವಾಗಿ ಕಾಲಿಡುತ್ತೆ.

ಗೋದಲಿ ಅಂದ್ರೆ ಏನು ಗೊತ್ತಾ?

ಈಗ ಗೋದಲಿಗೆ ಬರೋಣ. ಕ್ರಿಬ್ ಅಂತಾರೆ, ಮಂಗಳೂರು ಕಡೆ ಎಲ್ಲರ ಬಾಯಲ್ಲೂ ಗೋದಲಿ. ಮಕ್ಕಳಿಗೆ ಗೋದಲಿ ಅಂದ್ರೆ ಸೀರಿಯಲ್ ಸೆಟ್ ಲೈಟ್ ಹಾಕಿದ ಒಂದು ಚಂದದ ಗುಡಿಸಲು. ಒಳಗೆ ಬೊಂಬೆಗಳು.

ಆದ್ರೆ ಪದ ನೋಡಿ. ಗೋದಲಿ ಅಂದ್ರೆ ದನಕ್ಕೆ ಹುಲ್ಲು, ಹಿಂಡಿ ಹಾಕೋ ತೊಟ್ಟಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವತ್ತಿಗೂ ಗ್ವಾದ್ಲಿ ಅಂತಾರೆ. ಕನ್ನಡ ಬೈಬಲ್ ಅನುವಾದ ಮಾಡಿದವರು ಆರಿಸ್ಕೊಂಡಿದ್ದು ಕೊಟ್ಟಿಗೆಯ ಪದವನ್ನೇ. ಅಂದ್ರೆ ಕನ್ನಡ ಗೊತ್ತಿರೋ ಮಗುವಿಗೆ ಅರ್ಥ ಪದದಲ್ಲೇ ಇದೆ, ನಾವು ಅದನ್ನು ತೆರೆದು ತೋರಿಸಬೇಕಷ್ಟೆ. ಊರಿಗೆ ಹೋದಾಗ ಕೊಟ್ಟಿಗೆಗೆ ಕರ್ಕೊಂಡು ಹೋಗಿ. ಸಗಣಿ ವಾಸನೆ ಬರಲಿ. ಹಸು ಬಾಯಿ ಹಾಕಿ ಹುಲ್ಲು ತಿಂತಿರೋ ಜಾಗ ತೋರಿಸಿ, "ಯೇಸು ಹುಟ್ಟಿದಾಗ ಮಲಗಿಸಿದ್ದು ಇಂಥದ್ದರಲ್ಲಿ" ಅಂತ ಹೇಳಿ. ಮಕ್ಕಳು ಮೂಗು ಮುಚ್ಕೊಂಡು, ಕಣ್ಣು ಅರಳಿಸಿ, "ಇದ್ರಲ್ಲಾ?" ಅಂತಾರೆ. ಆ "ಇದ್ರಲ್ಲಾ?" ಇದೆಯಲ್ಲ, ಕ್ರಿಸ್ಮಸ್ ಪಾಠ ಶುರುವಾಗೋದು ಅಲ್ಲಿ.

ಇನ್ನೊಂದು ಪದ ಛತ್ರ. ಛತ್ರದಲ್ಲಿ ಅವರಿಗೆ ಜಾಗ ಸಿಗಲಿಲ್ಲ ಅಂತ ಲೂಕ ಹೇಳ್ತಾನೆ. ಬೆಂಗಳೂರಿನ ಮಗುವಿಗೆ ಛತ್ರ ಅಂದ್ರೆ ಮದುವೆ ಹಾಲ್. ಮರಿಯಮ್ಮ, ಯೋಸೇಫ ಯಾರದೋ ಮದುವೆಗೆ ಹೋಗಿದ್ರು ಅಂದ್ಕೊಳ್ಳುತ್ತೆ. ಅದಕ್ಕೆ ಬಿಡಿಸಿ ಹೇಳಿ: ದೂರದ ಊರಿಂದ ನಡ್ಕೊಂಡು ಬಂದವರು ರಾತ್ರಿ ಉಳ್ಕೊಳ್ಳೋ ಜಾಗ ಅದು. ಸರ್ಕಾರ ಜನರ ಲೆಕ್ಕ ಬರೆಸಬೇಕು ಅಂತ ಹೇಳಿತ್ತು, ಇವರು ಊರಿಗೆ ಬಂದ್ರು, ಎಲ್ಲ ಕಡೆ ತುಂಬಿತ್ತು. ಹೊಸ ಊರಿಗೆ ಹೋಗಿ ಬಾಡಿಗೆ ಮನೆ ಹುಡುಕಿದವರ ಮಕ್ಕಳಿಗೆ ಇದು ಬೇಗ ಅರ್ಥ ಆಗುತ್ತೆ.

ಗೋದಲಿ ಕಟ್ಟೋ ಪದ್ಧತಿಯ ಹಿಂದೆ ಸಂತ ಫ್ರಾನ್ಸಿಸ್ ಇದ್ದಾರೆ. 1223ರ ಕ್ರಿಸ್ಮಸ್‌ಗೆ ಇಟಲಿಯ ಗ್ರೆಚ್ಚೊ ಅನ್ನೋ ಊರಲ್ಲಿ ಅವರು ಒಂದು ಗೋದಲಿ ಇಡಿಸಿದ್ರು. ಹುಲ್ಲು ಹಾಕಿಸಿದ್ರು, ನಿಜವಾದ ಎತ್ತು ಕತ್ತೆ ತರಿಸಿದ್ರು. ಸುತ್ತಲಿನ ಹಳ್ಳಿಯ ಜನ ದೀಪ ಹಿಡ್ಕೊಂಡು ಬಂದ್ರು. ಯಾಕೆ ಮಾಡಿದ್ರು? ಆ ಮಗು ಎಷ್ಟು ಬಡತನದಲ್ಲಿ, ಎಷ್ಟು ಚಳಿಯಲ್ಲಿ ಮಲಗಿತ್ತು ಅನ್ನೋದನ್ನು ಕಣ್ಣಾರೆ ನೋಡಬೇಕು ಅಂತ. ಎಂಟು ನೂರು ವರ್ಷದ ಹಿಂದಿನ ಆ ಗೋದಲಿಗೂ, ಇವತ್ತಿನ ನಮ್ಮ ಸ್ಪರ್ಧೆಗೆ ಕಟ್ಟೋ ಜಲಪಾತ, ರೈಲು, ಡಿಸ್ಕೋ ಲೈಟ್ ಇರೋ ಗೋದಲಿಗೂ ಹೋಲಿಸಿ ನೋಡಿ. ಲೈಟ್ ಬೇಡ ಅಂತ ನಾನು ಹೇಳಲ್ಲ. ಆದ್ರೆ ಆ ಬೆಳಕಲ್ಲಿ ತೊಟ್ಟಿ ಕಾಣ್ತಿರಬೇಕು.

ಮಕ್ಕಳ ಕೈಗೆ ಕೆಲಸ ಕೊಡಿ. ಎರಡು ಕೆಲಸ ನನಗೆ ತುಂಬಾ ಇಷ್ಟ. ಒಂದು, ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ಒಂದು ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿಯೋ ಗೋಧಿಯೋ ಬಿತ್ತಿಸೋದು. ದಿನಾ ನೀರು ಚಿಮುಕಿಸಿದ್ರೆ ಹಬ್ಬದ ಹೊತ್ತಿಗೆ ಹಸಿರು ಪೈರು, ಗೋದಲಿಯ ಮುಂದಿನ ಹೊಲ ರೆಡಿ. ಎರಡನೇದು, ಗೋದಲಿಯ ತೊಟ್ಟಿಯನ್ನು ಖಾಲಿ ಇಡೋದು. ಮಗು ಯಾರಿಗಾದ್ರೂ ಒಂದು ಸಹಾಯ ಮಾಡಿದ್ರೆ ಒಂದು ಎಳೆ ಒಣಹುಲ್ಲು ತಂದು ಅದರಲ್ಲಿ ಹಾಕಬೇಕು. ತಂಗಿಗೆ ಆಟಿಕೆ ಕೊಟ್ಟೆ, ಒಂದು ಎಳೆ. ಅಜ್ಜಿಗೆ ಕನ್ನಡಕ ಹುಡುಕಿಕೊಟ್ಟೆ, ಒಂದು ಎಳೆ. ಬಾಲಯೇಸುವಿನ ಬೊಂಬೆ 24ರ ರಾತ್ರಿಯೇ ಬರೋದು, ಆ ಹುಲ್ಲಿನ ಮೇಲೆ.

ಇಲ್ಲಿ ಒಂದು ಎಚ್ಚರ. "ಜಾಸ್ತಿ ಹುಲ್ಲು ಹಾಕಿದವರಿಗೆ ದೊಡ್ಡ ಗಿಫ್ಟ್" ಅಂತ ಯಾರೂ ಹೇಳಬಾರದು. ಹುಲ್ಲು ಬರೋ ಅತಿಥಿಗೆ ಹಾಸಿಗೆ. ಎಳೆ ಕಡಿಮೆ ಇದ್ರೂ ಮಗು ಬಂದೇ ಬರುತ್ತೆ. ಒಂದು ಸಲ ಒಬ್ಬ ಹುಡುಗ ನನ್ನ ಹತ್ರ ಬಂದು, "ಟೀಚರ್, ನಾನು ಇವತ್ತು ಬರೀ ಜಗಳ ಆಡಿದೀನಿ, ಒಂದೂ ಎಳೆ ಇಲ್ಲ, ಯೇಸು ಬರ್ತಾರಾ?" ಅಂದ. ಬರ್ತಾರೆ ಮಗಾ, ಅವರು ಬರೋದೇ ಅದಕ್ಕೆ ಅಂದೆ. ಐದು ವರ್ಷದವನಿಗೆ ಅದಕ್ಕಿಂತ ದೊಡ್ಡ ದೇವಶಾಸ್ತ್ರ ಬೇಕಿಲ್ಲ.

ಹತ್ತು ನಿಮಿಷದ ಡೆಲಿವರಿ ಕಾಲದಲ್ಲಿ ಕಾಯೋದು

ನಮ್ಮ ಮಕ್ಕಳಿಗೆ ಈಗ ಕಾಯೋದು ಅಭ್ಯಾಸ ಇಲ್ಲ. ಹಾಲು, ಪೆನ್ಸಿಲ್, ಐಸ್‌ಕ್ರೀಮ್ ಎಲ್ಲ ಹತ್ತು ನಿಮಿಷದಲ್ಲಿ ಬಾಗಿಲಿಗೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಂದ ಶುರುವಾಗೋ ಆಗಮನ ಕಾಲ, ಅಂದ್ರೆ ಅಡ್ವೆಂಟ್, ಕಾಯೋದನ್ನು ಕಲಿಸೋಕೇ ಇರೋದು.

ಚರ್ಚ್‌ನಲ್ಲಿ ಹಸಿರು ಎಲೆಯ ಚಕ್ರದ ಮೇಲೆ ನಾಲ್ಕು ಮೇಣದಬತ್ತಿ ನೋಡಿರ್ತೀರಿ. ಅದರ ಹಿಂದೆ ಇರೋದು ಮಕ್ಕಳ ಹಠ! ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಅನ್ನೋ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸ್ತಿದ್ರು. ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ ಅಂತ ಅಲ್ಲಿನ ಮಕ್ಕಳು ದಿನಾ ಪ್ರಾಣ ತಿಂತಿದ್ರಂತೆ. 1839ರಲ್ಲಿ ಅವರು ಒಂದು ಹಳೇ ಗಾಡಿಚಕ್ರ ತಗೊಂಡು ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದ್ರು. ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚಿದ್ರು. ಎಷ್ಟು ದಿನ ಉಳಿದಿದೆ ಅನ್ನೋದನ್ನು ಮಕ್ಕಳೇ ಎಣಿಸ್ಕೊಂಡ್ರು. ಅದೇ ಮುಂದೆ ನಾಲ್ಕು ಬತ್ತಿಯ ಚಕ್ರ ಆಗಿ ಲೋಕವೆಲ್ಲ ಹರಡಿತು.

ಮನೆಯಲ್ಲಿ ಮಾಡೋದು ಸುಲಭ. ಒಂದು ಸ್ಟೀಲ್ ತಟ್ಟೆ, ಸುತ್ತ ಮಾವಿನ ಎಲೆಯೋ ಕ್ರೋಟನ್ನೋ, ನಾಲ್ಕು ಬತ್ತಿ. ಭಾನುವಾರ ಸಂಜೆ ಮನೆಯ ಲೈಟೆಲ್ಲ ಆರಿಸಿ. ಒಂದು ಬತ್ತಿ ಹಚ್ಚಿ, ಅದನ್ನು ಹಚ್ಚೋವಾಗ ದೊಡ್ಡವರು ಹತ್ರ ಇರಿ. ಕಥೆಯ ಒಂದೇ ಒಂದು ತುಂಡು ಹೇಳಿ. ಮೊದಲ ವಾರ ದೇವದೂತ ಮರಿಯಳ ಹತ್ರ ಬಂದಿದ್ದು. ಎರಡನೇ ವಾರ ಬೇತ್ಲೆಹೇಮಿನ ದಾರಿ. ಮೂರನೇ ವಾರ ಛತ್ರದ ಬಾಗಿಲು. ನಾಲ್ಕನೇ ವಾರ ಹೊಲದಲ್ಲಿ ರಾತ್ರಿ ಕುರಿ ಕಾಯ್ತಿದ್ದವರು. ಐದು ನಿಮಿಷ ಸಾಕು. ಪ್ರತಿ ವಾರ ಒಂದು ಬತ್ತಿ ಜಾಸ್ತಿ, ಕತ್ತಲೆ ಸ್ವಲ್ಪ ಕಡಿಮೆ. ಇದನ್ನು ವಿವರಿಸೋದೇ ಬೇಡ. ಮಗು ಕಣ್ಣಲ್ಲಿ ನೋಡ್ತಾ ಇರುತ್ತೆ.

ಕುರುಬರ ಭಾಗ ಬಂದಾಗ ಸ್ವಲ್ಪ ನಿಲ್ಲಿ. ನಮ್ಮ ಕಡೆ ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ತಂಗಿರುತ್ತಲ್ಲ, ಕಂಬಳಿ ಹೊದ್ದು ಪಕ್ಕದಲ್ಲಿ ಎಚ್ಚರ ಇರ್ತಾರಲ್ಲ, ಅಂಥವರು. ಊರೆಲ್ಲ ಮಲಗಿದಾಗ ಕೆಲಸ ಮಾಡೋರು. ಮಗು ಹುಟ್ಟಿದ ಸುದ್ದಿ ಮೊದಲು ಸಿಕ್ಕಿದ್ದು ಅರಮನೆಗಲ್ಲ, ಅವರಿಗೆ. "ನಮಗೆ ಗೊತ್ತಿರೋ ಯಾರು ರಾತ್ರಿ ಎದ್ದು ಕೆಲಸ ಮಾಡ್ತಾರೆ?" ಅಂತ ಕೇಳಿ. ಅಪಾರ್ಟ್‌ಮೆಂಟಿನ ವಾಚ್‌ಮನ್ ಅಂಕಲ್, ಆಸ್ಪತ್ರೆಯ ನರ್ಸ್ ಅಕ್ಕ, ಬೆಳಗಾಗೋ ಮುಂಚೆ ಬೀದಿ ಗುಡಿಸೋ ಪೌರಕಾರ್ಮಿಕರು. ಮಗುವಿನ ಪಟ್ಟಿ ನಮ್ಮದಕ್ಕಿಂತ ಉದ್ದ ಇರುತ್ತೆ.

ನಕ್ಷತ್ರ ಮನೆ ಹೊರಗೆ ಯಾಕೆ?

ನಕ್ಷತ್ರದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಜೋಯಿಸರಿಗೆ ದಾರಿ ತೋರಿಸಿದ ನಕ್ಷತ್ರ ಮತ್ತಾಯನ ಸುವಾರ್ತೆಯಲ್ಲಿದೆ, ಒಂದನೇ ಬುಟ್ಟಿ. ನಾವು ಕಟ್ಟೋ ಗೂಡುದೀಪ ಎರಡು, ಮೂರನೇ ಬುಟ್ಟಿ. ಒಂದು ವರ್ಷವಾದ್ರೂ ಅಂಗಡಿಯದ್ದು ಬಿಟ್ಟು ಬಿದಿರು ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಇಟ್ಕೊಂಡು ಮಕ್ಕಳ ಜೊತೆ ಮಾಡಿ. ಸೊಟ್ಟ ಆಗುತ್ತೆ, ಆಗಲಿ. ಕಟ್ಟುವಾಗ ಒಂದು ಪ್ರಶ್ನೆ ಕೇಳಿ: ಇದನ್ನು ಮನೆ ಒಳಗೆ ಯಾಕೆ ಕಟ್ಟಲ್ಲ? ಯಾಕಂದ್ರೆ ಅದು ನಮಗಾಗಿ ಅಲ್ಲ, ದಾರಿಯಲ್ಲಿ ಹೋಗೋರಿಗೆ.

ಕ್ರಿಸ್ಮಸ್ ಟ್ರೀ ಬೈಬಲ್‌ನಲ್ಲಿ ಇಲ್ಲ, ಜರ್ಮನ್ ಭಾಷೆಯ ಪ್ರದೇಶಗಳಿಂದ ಬಂದ ಪದ್ಧತಿ. ಚಳಿಗಾಲದಲ್ಲೂ ಎಲೆ ಉದುರದ ಮರ, ಹಾಗಾಗಿ ಮುಗಿಯದ ಜೀವದ ಗುರುತು ಅಂತ ಹೇಳಿದ್ರೆ ಸಾಕು.

ಕುಸ್ವಾರ್ ತಟ್ಟೆ

ಮೂರನೇ ಬುಟ್ಟಿಯ ರಾಜ ಅಂದ್ರೆ ಕುಸ್ವಾರ್. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡೋ ತಿಂಡಿಗಳ ಒಟ್ಟು ಹೆಸರು ಅದು. ಎಳ್ಳು, ಕೊಬ್ಬರಿ ತುಂಬಿದ ನೆವ್ರಿ, ಗುಲಾಬಿ ಹೂವಿನ ಥರದ ಕೊಕ್ಕಿಸಾಂ, ಚಕ್ಕುಲಿ, ಮತ್ತೆ ಮಕ್ಕಳ ಫೇವರಿಟ್ ಕಿಡ್ಯೊ. ಕೊಂಕಣಿಯಲ್ಲಿ ಕಿಡ್ಯೊ ಅಂದ್ರೆ ಹುಳ! ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆ ಮೇಲೋ ಒತ್ತಿ ಸುರುಳಿ ಮಾಡೋದು. ನೆಲದ ಮೇಲೆ ಪೇಪರ್ ಹಾಸಿ, ಎಲ್ಲರೂ ಸುತ್ತ ಕೂತು, ಮೂರು ವರ್ಷದ ಮಗುವೂ ಮಾಡಬಹುದಾದ ಕೆಲಸ.

ಮಾಡಿ ಆದಮೇಲೆ ತಟ್ಟೆ ತುಂಬಿ, ಮೇಲೆ ಕ್ರೋಶಾ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗೆ ಕಳಿಸ್ತೀವಿ. ದೀಪಾವಳಿಗೆ ಅವರ ಮನೆಯಿಂದ ಬಂದಿತ್ತು, ರಂಜಾನ್‌ಗೆ ಇವರ ಮನೆಯಿಂದ ಬಂದಿತ್ತು. ತಟ್ಟೆ ಖಾಲಿ ವಾಪಸ್ ಕಳಿಸಬಾರದು ಅಂತ ನಮ್ಮಲ್ಲಿ ಎಲ್ಲ ಜಾತಿ ಮತದವರಿಗೂ ಗೊತ್ತು, ಕೊನೆಗೆ ಒಂದು ಹಿಡಿ ಸಕ್ಕರೆಯಾದ್ರೂ ಹಾಕಿ ಕೊಡ್ತಾರೆ. ಇದು ಚಂದದ ಪದ್ಧತಿ, ಬಿಡಬಾರದು.

ಆದ್ರೆ ಒಂದು ತಟ್ಟೆ ಮಾತ್ರ ಬೇರೆ ಥರ ಇರಲಿ. ವಾಪಸ್ ಏನೂ ಬರದ ಮನೆಗೆ ಹೋಗೋ ತಟ್ಟೆ. ತಿರುಗಿ ಕರೆಯೋಕೆ ಆಗದವರನ್ನು ಊಟಕ್ಕೆ ಕರೀರಿ ಅಂತ ಯೇಸು ಹೇಳಿದ ಮಾತು ಲೂಕನ ಸುವಾರ್ತೆಯ ಹದಿನಾಲ್ಕನೇ ಅಧ್ಯಾಯದಲ್ಲಿದೆ. ಯಾರ ಮನೆಗೆ ಅಂತ ಮಗುವೇ ಆರಿಸಲಿ. ರಾತ್ರಿ ಎಚ್ಚರ ಇರೋರ ಪಟ್ಟಿ ಮಾಡಿತ್ತಲ್ಲ, ಅದರಿಂದಲೇ ಆಗಬಹುದು. ಆ ವರ್ಷ ಸಾವಾಗಿ, ಬಾಣಲೆ ಇಡದ ಮನೆಯೂ ಆಗಬಹುದು.

ಮೂರು ಷರತ್ತು. ಒಂದು, ಆ ತಟ್ಟೆಯಲ್ಲಿ ಉಳಿದಿದ್ದು, ಮುರಿದಿದ್ದು ಇರಬಾರದು, ಬೇರೆ ತಟ್ಟೆಗಳಲ್ಲಿ ಇರೋದೇ ಇರಬೇಕು. ಎರಡು, ಮಗು ಎರಡೂ ಕೈಯಲ್ಲಿ ಹಿಡ್ಕೊಂಡು, ಅವರ ಹೆಸರು ಹಿಡಿದು ಅಣ್ಣ, ಅಕ್ಕ ಅಂತ ಕರೆದು ಕೊಡಬೇಕು. ಮೂರು, ಫೋನ್ ಜೇಬಲ್ಲೇ ಇರಲಿ. ಫೋಟೋ ಬೇಡ, ರೀಲ್ಸ್ ಬೇಡ. ಕ್ಯಾಮೆರಾ ಬಂದ ಕೂಡಲೇ ಆ ತಟ್ಟೆಗೂ ಬೆಲೆ ಕೇಳಿದ ಹಾಗಾಯ್ತು.

ಸಾಂತಾ ಪ್ರಶ್ನೆ

ಈಗ ಎಲ್ಲರೂ ಕಾಯ್ತಿರೋ ವಿಷಯ. ಸಾಂತಾ ಕ್ಲಾಸ್.

ಮನೆಗಳಲ್ಲಿ ಡಿಸೆಂಬರ್ ತುಂಬಾ ಕೇಳಿಬರೋ ಮಾತು ಯಾವುದು? "ಸುಮ್ನೆ ಊಟ ಮಾಡು, ಇಲ್ಲಾಂದ್ರೆ ಸಾಂತಾ ಬರಲ್ಲ." "ಗಲಾಟೆ ಮಾಡಿದ್ರೆ ಗಿಫ್ಟ್ ಇಲ್ಲ." ಒಳ್ಳೆ ಮಕ್ಕಳ ಪಟ್ಟಿ, ಕೆಟ್ಟ ಮಕ್ಕಳ ಪಟ್ಟಿ. ತಮಾಷೆಗೆ ಹೇಳ್ತೀವಿ, ಕೆಲಸಾನೂ ಆಗುತ್ತೆ.

ಆದ್ರೆ ಇದನ್ನು ಇನ್ನೊಂದು ಕಡೆಯಿಂದ ನೋಡಿ. ಕ್ರಿಸ್ಮಸ್ ಮುಗಿದ ಮೇಲಿನ ಭಾನುವಾರ ನಮ್ಮ ಕ್ಲಾಸಲ್ಲಿ ಮಕ್ಕಳು ಸಾಂತಾ ಏನು ಕೊಟ್ಟ ಅಂತ ಹೇಳ್ತಿದ್ರು. ಸೈಕಲ್, ರಿಮೋಟ್ ಕಾರು, ಬಾರ್ಬಿ. ಆರು ವರ್ಷದ ಒಬ್ಬಳು ಸುಮ್ಮನೆ ಕೂತಿದ್ದಳು. ಅವಳಮ್ಮ ನಾಲ್ಕು ಮನೆಗಳಲ್ಲಿ ಕೆಲಸ ಮಾಡ್ತಾರೆ. ಎಲ್ಲರೂ ಹೋದಮೇಲೆ ನನ್ನ ಹತ್ರ ಬಂದು ಕೇಳಿದಳು: "ಟೀಚರ್, ಸಾಂತಾ ನಮ್ಮನೆಗೆ ಬರ್ಲೇ ಇಲ್ಲ. ನಾನು ಕೆಟ್ಟ ಹುಡುಗೀನಾ?"

ಅವಳ ಲೆಕ್ಕ ಸರಿಯಾಗೇ ಇತ್ತು. ಒಳ್ಳೆಯವರಿಗೆ ಗಿಫ್ಟ್ ಬರುತ್ತೆ, ನನಗೆ ಬಂದಿಲ್ಲ, ಹಾಗಾದ್ರೆ ನಾನು ಒಳ್ಳೆಯವಳಲ್ಲ. ಅವಳ ಕ್ಲಾಸಲ್ಲೇ ಇರೋ, ತಮ್ಮನಿಗೆ ದಿನಾ ಹೊಡೆಯೋ ಹುಡುಗನಿಗೆ ಸೈಕಲ್ ಬಂದಿದೆ. ಅಂದ್ರೆ ನಮ್ಮ ತಮಾಷೆಯ ಪಟ್ಟಿ ಮಕ್ಕಳಿಗೆ ಕಲಿಸ್ತಿರೋದು ಏನು? ದುಡ್ಡಿದ್ದವರ ಮಕ್ಕಳು ಒಳ್ಳೆಯವರು, ಇಲ್ಲದವರ ಮಕ್ಕಳು ಕೆಟ್ಟವರು. ಗೋದಲಿಯಲ್ಲಿ ಮಲಗಿದ ಮಗುವಿನ ಹಬ್ಬದ ದಿನ ಇದನ್ನು ಕಲಿಸೋದಾ? ಇದಕ್ಕಿಂತ ಆ ಹಬ್ಬಕ್ಕೆ ವಿರುದ್ಧವಾದ ಮಾತು ಇನ್ನೊಂದಿಲ್ಲ.

ಹಾಗಾದ್ರೆ ಸಾಂತಾನ ಮನೆಯಿಂದ ಓಡಿಸಬೇಕಾ? ಬೇಡ. ಅವನ ನಿಜವಾದ ಕಥೆ ಹೇಳಿ, ಸಾಕು. ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿ ದೇಶದಲ್ಲಿರೋ ಮೈರಾ ಅನ್ನೋ ಊರಿಗೆ ನಿಕೋಲಸ್ ಅನ್ನೋರು ಬಿಷಪ್ ಆಗಿದ್ರು. ಅವರ ಹಬ್ಬ ಡಿಸೆಂಬರ್ 6. ಅವರ ಬಗ್ಗೆ ಹಿಂದಿನಿಂದ ಹೇಳ್ಕೊಂಡು ಬಂದ ಒಂದು ಕಥೆ ಇದೆ. ಒಬ್ಬ ಬಡ ತಂದೆಗೆ ಮೂರು ಹೆಣ್ಣುಮಕ್ಕಳು. ಮದುವೆ ಮಾಡೋಕೆ ವರದಕ್ಷಿಣೆಗೆ ದುಡ್ಡಿಲ್ಲ. ಆ ಹೆಣ್ಣುಮಕ್ಕಳನ್ನು ಮಾರಿಬಿಡೋ ಪರಿಸ್ಥಿತಿ. ನಿಕೋಲಸ್ ರಾತ್ರಿ ಹೊತ್ತು ಗುಟ್ಟಾಗಿ ಬಂದು ಕಿಟಕಿಯಿಂದ ಚಿನ್ನದ ಗಂಟು ಒಳಗೆ ಎಸೆದ್ರಂತೆ. ಮೂರು ಮಕ್ಕಳಿಗೆ ಮೂರು ಸಲ. ಆ ಹೆಸರೇ ಡಚ್ಚರ ಬಾಯಲ್ಲಿ ಸಿಂಟರ್‌ಕ್ಲಾಸ್ ಆಗಿ, ಅಮೆರಿಕದಲ್ಲಿ ಸಾಂತಾ ಕ್ಲಾಸ್ ಆಯ್ತು. ಇದು ಎರಡನೇ ಬುಟ್ಟಿ ಅಂತ ಮಕ್ಕಳಿಗೆ ಹೇಳಿಯೇ ಹೇಳಿ.

ಈ ಕಥೆಯಲ್ಲಿ ಮೂರು ವಿಷಯ ಗಮನಿಸಿ. ನಿಕೋಲಸ್ ಯಾವ ಪಟ್ಟಿನೂ ನೋಡಲಿಲ್ಲ. ಆ ಹುಡುಗಿಯರು ಒಳ್ಳೆಯವರಾ, ಮಾತು ಕೇಳ್ತಾರಾ ಅಂತ ವಿಚಾರಿಸಲಿಲ್ಲ. ಅವರಿಗೆ ಬೇಕಿತ್ತು, ಕೊಟ್ಟರು. ಎರಡನೇದು, ಕೊಟ್ಟಿದ್ದು ಯಾರು ಅಂತ ಗೊತ್ತಾಗಬಾರದು ಅಂತ ಕತ್ತಲಲ್ಲಿ ಬಂದ್ರು. ಮೂರನೇದು, ವಾಪಸ್ ಏನೂ ಕೇಳಲಿಲ್ಲ.

ನಮ್ಮ ಸಂಡೇ ಸ್ಕೂಲ್‌ನಲ್ಲಿ ಈಗ ಡಿಸೆಂಬರ್ 6ಕ್ಕೆ ಮಕ್ಕಳೇ ನಿಕೋಲಸ್ ಆಗ್ತಾರೆ. ಯಾರಿಗೂ ಗೊತ್ತಾಗದ ಹಾಗೆ ಒಬ್ಬರಿಗೆ ಒಂದು ಒಳ್ಳೇದು ಮಾಡಬೇಕು. ಅಜ್ಜನ ಚಪ್ಪಲಿ ಒರೆಸಿಡೋದು, ಗೆಳತಿಯ ಬ್ಯಾಗಲ್ಲಿ ಒಂದು ಚಿತ್ರ ಇಡೋದು. ಗುಟ್ಟು ಇಟ್ಕೊಳ್ಳೋಕೆ ಅವರು ಪಡೋ ಒದ್ದಾಟ ನೋಡಬೇಕು ನೀವು! ಸಾಂತಾ ಇದ್ದಾನಾ ಇಲ್ವಾ ಅಂತ ಕೇಳಿದ್ರೆ ನನ್ನ ಉತ್ತರ ಇಷ್ಟೇ: "ನಿಕೋಲಸ್ ಇದ್ರು. ಅವರನ್ನು ನೋಡಿ ಕಲಿತೋರು ಈಗ್ಲೂ ಗುಟ್ಟಾಗಿ ಗಿಫ್ಟ್ ಇಡ್ತಾರೆ. ನೀನೂ ಅವರಲ್ಲಿ ಒಬ್ಬ ಆಗಬಹುದು." ಇದರಲ್ಲಿ ಸುಳ್ಳಿಲ್ಲ, ಮಜಾನೂ ಹೋಗಲ್ಲ.

ಮತ್ತೆ, ದಯವಿಟ್ಟು ಆ ಬೆದರಿಕೆ ಬಿಡಿ. ಊಟ ಮಾಡಿಸೋಕೆ, ಮಲಗಿಸೋಕೆ ಬೇರೆ ನೂರು ದಾರಿ ಇವೆ. ಉಡುಗೊರೆ ಕೊಡುವಾಗ ಬಾಯಿಬಿಟ್ಟು ಹೇಳಿ: "ನೀನು ಒಳ್ಳೆಯವನಾಗಿದ್ದೆ ಅಂತ ಇದು ಕೊಡ್ತಿಲ್ಲ. ನೀನು ಅಂದ್ರೆ ನಮಗೆ ಪ್ರೀತಿ, ಅದಕ್ಕೆ." ದೇವರು ಮಾಡಿದ್ದೂ ಹೀಗೇ ಅಂತ ಕ್ರೈಸ್ತರು ನಂಬ್ತಾರೆ, ಲೋಕ ಸರಿ ಹೋಗಲಿ, ಆಮೇಲೆ ಬರ್ತೀನಿ ಅಂತ ಕಾಯಲಿಲ್ಲ. ಆ ಒಂದು ವಾಕ್ಯ ಮಗುವಿಗೆ ನೆನಪಿದ್ರೆ, ಮುಂದೆ ಕೃಪೆ ಅನ್ನೋ ಪದ ಕೇಳಿದಾಗ ಅದಕ್ಕೆ ಅದು ಹೊಸದಾಗಿರಲ್ಲ.

ಆ ಹುಡುಗಿಗೆ ನಾನು ನಿಕೋಲಸ್ ಕಥೆ ಹೇಳಿದೆ. ಆಮೇಲೆ ಗೋದಲಿ ಹತ್ರ ಕರ್ಕೊಂಡು ಹೋಗಿ, "ಈ ಮಗುವಿನ ಮನೆಗೂ ಆ ರಾತ್ರಿ ಗಿಫ್ಟ್ ಬಂದಿರಲಿಲ್ಲ ನೋಡು, ತೊಟ್ಟಿಲೂ ಇರಲಿಲ್ಲ. ಇದು ಕೆಟ್ಟ ಮಗುನಾ?" ಅಂತ ಕೇಳಿದೆ. ತಲೆ ಅಲ್ಲಾಡಿಸಿದಳು.

ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು

ಕೊನೆಗೆ ಎರಡು ಪ್ರಶ್ನೆ. ಹೆರೋದನ ಕಥೆ ಪುಟ್ಟ ಮಕ್ಕಳಿಗೆ ಹೇಳಬೇಕಾ? ನಾಲ್ಕೈದು ವರ್ಷದವರಿಗೆ ರಕ್ತಪಾತದ ವಿವರ ಬೇಡ. ಆದ್ರೆ ರಾಜನಿಗೆ ಹೆದರಿ ಆ ಕುಟುಂಬ ರಾತ್ರೋರಾತ್ರಿ ಐಗುಪ್ತಕ್ಕೆ, ಅಂದ್ರೆ ಈಜಿಪ್ಟಿಗೆ ಹೋಗಬೇಕಾಯ್ತು ಅಂತ ಹೇಳಬಹುದು. ಎಂಟು ಒಂಬತ್ತು ವರ್ಷ ಆದಮೇಲೆ ಉಳಿದದ್ದು.

ಇನ್ನೊಂದು, ಬೇರೆ ಧರ್ಮದ ಗೆಳೆಯರ ಮುಂದೆ ಮಗು ಹೇಗೆ ಮಾತಾಡಬೇಕು? "ನಮ್ಮನೆಯಲ್ಲಿ ನಾವು ಹೀಗೆ ನಂಬ್ತೀವಿ" ಅನ್ನೋ ಮಾತು ಕಲಿಸಿ. "ನಿಮ್ಮನೆಯಲ್ಲಿ ಹೇಗೆ?" ಅಂತ ಕೇಳೋದನ್ನೂ ಕಲಿಸಿ. ಗೋದಲಿ ನೋಡೋಕೆ ಬಂದ ಮಗುವಿಗೆ ಕಥೆ ಹೇಳಬಹುದು, ಕಿಡ್ಯೊ ಕೊಡಬಹುದು. ಬದಲಿಗೆ ಅದು ಏನನ್ನೂ ಒಪ್ಪಬೇಕಾಗಿಲ್ಲ. ಉಡುಗೊರೆ ಅಂದ್ಮೇಲೆ ಅಲ್ಲೂ ಉಡುಗೊರೆಯೇ.

ಎಲ್ಲವನ್ನೂ ಒಂದೇ ವರ್ಷ ಮಾಡೋಕೆ ಹೋಗಬೇಡಿ. ಈ ಸಲ ಒಂದು ಆರಿಸ್ಕೊಳ್ಳಿ. ಖಾಲಿ ಗೋದಲಿಗೆ ಹುಲ್ಲೋ, ನಾಲ್ಕು ಬತ್ತಿಯೋ, ವಾಪಸ್ ಬರದ ತಟ್ಟೆಯೋ. ಮುಂದಿನ ವರ್ಷ ಡಿಸೆಂಬರ್ ಬರೋ ಮುಂಚೆಯೇ, "ಈ ಸಲಾನೂ ಮಾಡೋಣ ಅಲ್ವಾ?" ಅಂತ ಮಗುವೇ ಬಂದು ಕೇಳುತ್ತೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಮೂರನೇ ಬುಟ್ಟಿಯಲ್ಲಿ ಏನಿದೆ, ಅದನ್ನು ಮಕ್ಕಳಿಗೆ ಹೇಗೆ ಹೇಳ್ತೀರಿ, ನಮಗೆ ಬರೆದು ಕಳಿಸಿ. ಮನೆಯಲ್ಲಿ ಪುಟ್ಟ ಮಕ್ಕಳಿರೋ ಗೆಳೆಯರಿಗೆ ಈ ಸಂಚಿಕೆ ಶೇರ್ ಮಾಡಿ. ಎಲ್ಲರಿಗೂ ಕ್ರಿಸ್ಮಸ್ ಶುಭಾಶಯಗಳು. ಮತ್ತೆ ಸಿಗೋಣ, ನಮಸ್ಕಾರ.